ಬಾಣಂತಿ ಕೋಣೆಯ ಗಾಳಿ

ದೊಡ್ಡನೆಕ್ಕುಂದಿಯ ಆ ಮನೆಗೆ ನನ್ನನ್ನು ಕಳಿಸಿದ್ದು ಗಾಳಿ ಅಳೆಯಲು. ಗಾಳಿ ಶುದ್ಧ ಮಾಡುವ ಯಂತ್ರ ಆ ಮನೆಗೆ ಬೇಕೋ ಬೇಡವೋ ಎಂದು ನೋಡಿ ಹೇಳುವುದು ನನ್ನ ಕೆಲಸ. ಇಂದಿರಾನಗರದ ನಮ್ಮ ಆಫೀಸಿನಲ್ಲಿ ಈ ಪ್ರಶ್ನೆಗೆ ಸಾಮಾನ್ಯವಾಗಿ ಒಂದೇ ಉತ್ತರವಿತ್ತು. ಮಾಲೀಕರು ಅದನ್ನು ನೇರವಾಗಿ ಹೇಳುತ್ತಿರಲಿಲ್ಲ. "ಹೋಗಿ ನೋಡ್ಕೊಂಡ್ ಬಾಮ್ಮಾ, ಯಾವ ಮಾಡೆಲ್ ಅಂತ ಹೇಳು, ಅಷ್ಟೇ" ಎನ್ನುತ್ತಿದ್ದರು.

ಅದು ಎರಡು ಸಾವಿರದ ದಶಕದ ನಡುವಿನ ಒಂದು ಡಿಸೆಂಬರ್. ಹಲಸೂರಿನ ನನ್ನ ಬಾಡಿಗೆ ಕೋಣೆಯಿಂದ ಪೂರ್ವಕ್ಕೆ ಹೋದಷ್ಟೂ ಊರು ಅಗೆದು ಬಿದ್ದಿತ್ತು. ಹೊಲಗಳಿದ್ದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಜಲ್ಲಿ ಲಾರಿಗಳು ಹೋದ ಮೇಲೆ ರಸ್ತೆ ಸ್ವಲ್ಪ ಹೊತ್ತು ಕಾಣುತ್ತಿರಲಿಲ್ಲ. ಈ ದೂಳಿನಿಂದಲೇ ನಮ್ಮ ವ್ಯಾಪಾರ ನಡೆಯುತ್ತಿತ್ತು.

ಮನೆಯ ಯಜಮಾನರು ಒಂದು ಕಾಲಕ್ಕೆ ಅಲ್ಲೇ ರಾಗಿ, ಹುರುಳಿ ಬೆಳೆದವರು. ಈಗ ಅದೇ ನೆಲದಲ್ಲಿ ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಅವರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಮಗುವಿಗೆ ಮೂಗು ಕಟ್ಟುತ್ತಿತ್ತು.

"ಮೇಲ್ಗಡೆ ಮನೇಲಿರೋ ಕಂಪನಿ ಹುಡುಗ್ರ ಹತ್ರ ಈ ಮಿಷಿನ್ ನೋಡ್ದೆ ಮೇಡಂ" ಎಂದರು ಯಜಮಾನರು. "ಆ ಗಂಡ್ ಹೈಕ್ಳಿಗೇ ಬೇಕಾಗಿದ್ರೆ ನನ್ನ ಮೊಮ್ಮಗೂಗೆ ಬೇಡ್ವಾ?"

ಅಳತೆಗೆ ನನ್ನದೇ ಒಂದು ಕ್ರಮವಿತ್ತು. ಗಾಳಿಯಲ್ಲಿ ತೇಲುವ ದೂಳಿನ ಕಣಗಳನ್ನು ಎಣಿಸುವ ಕೈಯಂತ್ರವನ್ನು ಮೊದಲು ಮನೆಯ ಹೊರಗೆ ಹಿಡಿಯುತ್ತಿದ್ದೆ. ರಸ್ತೆಯ ಕಡೆ ಒಮ್ಮೆ, ಹಿತ್ತಲ ಕಡೆ ಒಮ್ಮೆ. ಆಮೇಲೆ ಒಳಗೆ, ಮಲಗಿದವರ ಮೂಗಿನ ಎತ್ತರಕ್ಕೆ. ಒಳಗಿನದಕ್ಕಿಂತ ಹೊರಗೆ ಕಣಗಳು ಹೆಚ್ಚಿದ್ದರೆ ಕಿಟಕಿ ಮುಚ್ಚಿ ಯಂತ್ರ ಇಡುವುದರಲ್ಲಿ ಅರ್ಥವಿದೆ. ಒಳಗೇ ಹೆಚ್ಚಿದ್ದರೆ, ಅದನ್ನು ಹುಟ್ಟಿಸುತ್ತಿರುವುದು ಯಾವುದು ಎಂದು ಮೊದಲು ಹುಡುಕಬೇಕು. ಈ ಎರಡನೆಯ ಭಾಗ ಮಾಲೀಕರಿಗೆ ಹಿಡಿಸುತ್ತಿರಲಿಲ್ಲ. ಹುಡುಕಿದಾಗ ಎಷ್ಟೋ ಸಲ ಸಿಗುತ್ತಿದ್ದುದು ಸೊಳ್ಳೆಬತ್ತಿ.

ಹೊರಗಿನ ಅಳತೆ ಮುಗಿಸಿ ಬಂದಾಗ ಬಾಗಿಲಲ್ಲಿ ಯಜಮಾನರ ತಾಯಿ ನಿಂತಿದ್ದರು. ಸೊಸೆ ತೀರಿಕೊಂಡ ಮೇಲೆ ಮೊಮ್ಮಗಳನ್ನು ಸಾಕಿದವರು ಅವರೇ, ಈಗ ಬಾಣಂತನ ಮಾಡುತ್ತಿದ್ದವರೂ ಅವರೇ. ನನ್ನ ಕೈಯಲ್ಲಿದ್ದ ಯಂತ್ರ ನೋಡಿದರು.

"ಕರೆಂಟ್ ಬಿಲ್ಲಾ?"

"ಅಲ್ಲ ಅಜ್ಜಿ. ಗಾಳಿ ನೋಡಲು ಬಂದಿದ್ದೇನೆ."

"ಗಾಳೀನ ನೋಡ್ತಾಳಂತೆ!" ಎಂದು ಮಗನತ್ತ ತಿರುಗಿ ನಕ್ಕರು. "ಕಾಲ್ ತೊಳ್ಕೊಂಡ್ ಬಾರವ್ವ. ಬೀದಿ ಕಾಲಲ್ಲಿ ಬಾಣಂತಿ ತಾವ್ಕೆ ಬರಂಗಿಲ್ಲ."

ಕಾಲು ತೊಳೆದು ಒಳಗೆ ಹೋದೆ. ನೆಲಮಾಳಿಗೆಯಷ್ಟು ಕತ್ತಲಿದ್ದ ಸಣ್ಣ ಕೋಣೆ. ಜಾರುವ ಅಲ್ಯೂಮಿನಿಯಂ ಕಿಟಕಿಯ ಸಂದುಗಳಿಗೆ ಹಳೇ ಸೀರೆಯ ಚೂರು ತುರುಕಿದ್ದರು. ಮೇಲೆ ಗಾಳಿಗಿಂಡಿ ಇರಲಿಲ್ಲ. ಹಲಗೆ ಮಂಚದ ಮೇಲೆ ಬಾಣಂತಿ. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟಿದ್ದರು. ಪಕ್ಕದಲ್ಲಿ ಕುಲಾವಿ ಹಾಕಿದ ಮಗು. ಮಂಚದ ಕೆಳಗೆ ಕಬ್ಬಿಣದ ಬಾಂಡ್ಲೆಯಲ್ಲಿ ಇದ್ದಿಲ ಕೆಂಡ. ಎಣ್ಣೆ ನೀರು ಆದ ಮೇಲೆ ಮೈ ಬಿಸಿಯಾಗಿರಬೇಕು, ಎಳೆಯ ಮೈಗೆ ಗಾಳಿ ತಾಕಬಾರದು.

ಅಜ್ಜಿ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದರು. ಹೊಗೆ ಎದ್ದಿತು. ನನ್ನ ಯಂತ್ರದ ಅಂಕೆಗಳು ಹುಚ್ಚೆದ್ದು ಏರಿದವು. ಜಲ್ಲಿ ಲಾರಿಯ ರಸ್ತೆಗಿಂತಲೂ ಮೇಲಕ್ಕೆ ಹೋದವು. ಸ್ವಲ್ಪ ಹೊತ್ತಿಗೆ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. ಬಾಗಿಲು ತೆರೆದು, ಬಾಂಡ್ಲೆಯನ್ನು ಇಕ್ಕಳದಲ್ಲಿ ಹಿಡಿದು ಹಜಾರದಾಚೆ ಇಟ್ಟು ಬಂದರು.

"ಎಷ್ಟು ಹೊತ್ತು ಇಡಬೇಕು ಅಂತ ಲೆಕ್ಕ ಇದೆಯಾ ಅಜ್ಜಿ?" ಎಂದು ಕೇಳಿದೆ.

"ಲೆಕ್ಕ ಯಾತಕ್ಕೆ? ಕಣ್ಣುರಿ ಬಂತಾ, ಸಾಕು ಅಂತ. ತಕ್ಕೊಂಡ್ ಆಚೆಗಾಕದು."

ಈ ಮಾತನ್ನು ನಾನು ಆಗ ಸುಮ್ಮನೆ ಕೇಳಿಸಿಕೊಂಡೆ.

ಯಜಮಾನರಿಗೆ ಕಂಡದ್ದನ್ನು ಹೇಳಿದೆ. ಹೊರಗಿನ ದೂಳು ಆ ಕೋಣೆಗೆ ಅಷ್ಟಾಗಿ ಬರುತ್ತಿಲ್ಲ, ಒಳಗಿನ ಹೊಗೆಯೇ ಹೆಚ್ಚು, ಸಾಂಬ್ರಾಣಿ ನಿಲ್ಲಿಸಿದರೆ ಮಗುವಿನ ಮೂಗು ಬಹುಶಃ ಸರಿಹೋಗುತ್ತದೆ ಎಂದೆ.

ಅಜ್ಜಿ ಒಳಗಿನಿಂದಲೇ ಕೇಳಿದರು. "ನೀನು ಎಷ್ಟ್ ಹೆತ್ತಿದ್ದೀಯವ್ವ?"

ಯಜಮಾನರು ಮುಜುಗರದಿಂದ ನಕ್ಕು, "ಅಮ್ಮ ಬಿಡಲ್ಲ ಮೇಡಂ. ಮಿಷಿನ್ನೇ ಹಾಕ್ಬಿಡಿ" ಎಂದರು.

ಆಫೀಸಿಗೆ ಬಂದು ಮಾಲೀಕರಿಗೂ ಅದನ್ನೇ ಹೇಳಿದೆ. ಅವರು ಕಂಟೋನ್ಮೆಂಟಿನವರು, ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವರು. ಮಾತು ಕನ್ನಡದಲ್ಲಿ ಹೊರಟು ತಮಿಳಿನಲ್ಲಿ ನಿಲ್ಲುತ್ತಿತ್ತು. "ಸಾಂಬ್ರಾಣಿ ಅವ್ರು ಬಿಡಲ್ಲ, ಮಿಷಿನ್ ಬೇಡ ಅಂತ ನೀನ್ ಹೇಳ್ತೀಯಾ. ಅಪ್ಪಡಿನಾ ಮಗು ಏನ್ಮಾಡ್ಬೇಕು? ಟ್ರಯಲ್ ಇಡು. ಹೊಗೆ ಹೋಗುತ್ತೋ ಇಲ್ವೋ?"

ಹೋಗುತ್ತಿತ್ತು, ಅದು ನಿಜ. ಯಂತ್ರದೊಳಗೆ ಗಾಳಿ ಸೋಸುವ ಜಾಳಿ ಹೊಗೆಯ ಕಣಗಳನ್ನು ಹಿಡಿಯುತ್ತಿತ್ತು. ಮರುದಿನ ಪ್ರಯೋಗಕ್ಕೆಂದು ಒಂದು ಯಂತ್ರವನ್ನು ಆ ಕೋಣೆಯಲ್ಲಿಟ್ಟೆವು. ಮುಂಭಾಗದಲ್ಲಿ ಒಂದು ದೀಪವಿತ್ತು. ಗಾಳಿ ಕೆಟ್ಟಿದ್ದರೆ ಕೆಂಪು, ಸುಮಾರಾಗಿದ್ದರೆ ಹಳದಿ, ಚೆನ್ನಾಗಿದ್ದರೆ ಹಸಿರು. ಅಜ್ಜಿ ಸಾಂಬ್ರಾಣಿ ಉದುರಿಸಿದೊಡನೆ ಕೆಂಪಾಯಿತು, ಯಂತ್ರ ಜೋರಾಗಿ ಉಸಿರೆಳೆಯತೊಡಗಿತು. ನೋಡನೋಡುತ್ತಿದ್ದಂತೆ ಹೊಗೆ ತೆಳುವಾಯಿತು, ದೀಪ ಹಸಿರಾಯಿತು.

ಅಜ್ಜಿ ಬಾಯಿಯ ಮೇಲೆ ಬೆರಳಿಟ್ಟುಕೊಂಡರು. "ಹೊಗೇನ ನುಂಗ್ಬಿಡ್ತಲ್ಲೇ!"

ಅವರು ನನ್ನನ್ನು ನೋಡಿ ಒಪ್ಪಿಗೆಯಿಂದ ನಕ್ಕದ್ದು ಅದೇ ಮೊದಲು.

ಕೆಲವೇ ದಿನಗಳಲ್ಲಿ ಯಜಮಾನರ ಫೋನ್ ಬಂತು. ಮಗಳಿಗೆ ತಲೆನೋವು, ವಾಂತಿ ಬಂದ ಹಾಗೆ ಆಗುತ್ತದೆ, ಹಗಲೆಲ್ಲ ತೂಕಡಿಸುತ್ತಾಳೆ. ಮಗುವೂ ಹಾಲಿಗೆ ಸರಿಯಾಗಿ ಏಳುವುದಿಲ್ಲ. "ನಿಮ್ಮ ಮಿಷಿನ್ ಬಂದ್ಮೇಲೇನೇ ಮೇಡಂ. ಮುಂಚೆ ಮೂಗು ಕಟ್ತಿತ್ತು, ಅಷ್ಟೇ."

ನನಗೆ ಮೊದಲು ಹೊಳೆದದ್ದು ಓಜೋನ್. ಆ ಮಾದರಿಯಲ್ಲಿ ಗಾಳಿಗೆ ವಿದ್ಯುತ್ ಕಣ ಬಿಡುವ ಇನ್ನೊಂದು ಸ್ವಿಚ್ ಇತ್ತು; ಮುಚ್ಚಿದ ಸಣ್ಣ ಕೋಣೆಯಲ್ಲಿ ಅದರಿಂದ ಸ್ವಲ್ಪ ಓಜೋನ್ ಹುಟ್ಟಿ ತಲೆನೋವು ತರಬಹುದು. ಅಂದೇ ಹೋಗಿ ಆ ಸ್ವಿಚ್ ಆರಿಸಿದೆ. ಮುಂಭಾಗ ಬಿಚ್ಚಿ ಜಾಳಿ ನೋಡಿದೆ. ಬಿಳಿಯಿದ್ದದ್ದು ಕಂದು ಬಣ್ಣಕ್ಕೆ ತಿರುಗಿತ್ತು, ಸಾಂಬ್ರಾಣಿಯ ವಾಸನೆ ಹೊಡೆಯುತ್ತಿತ್ತು. ಯಂತ್ರ ತನ್ನ ಕೆಲಸ ಮಾಡುತ್ತಿತ್ತು. ಕಣಗಳ ಅಂಕೆ ನಾನು ಆ ರಸ್ತೆಯಲ್ಲಿ ಎಲ್ಲೂ ನೋಡದಷ್ಟು ಕೆಳಗಿತ್ತು. ಆದರೂ ಅಲ್ಲಿ ಕೂತ ಸ್ವಲ್ಪ ಹೊತ್ತಿಗೆ ನನ್ನ ಹುಬ್ಬುಗಳ ನಡುವೆ ಏನೋ ಬಿಗಿಯಾಗತೊಡಗಿತು. ಬಸ್ಸಿನ ಬಿಸಿಲು ಇರಬೇಕು ಅಂದುಕೊಂಡೆ.

ಅಜ್ಜಿ ಗೋಡೆಗೊರಗಿ ಕೂತಿದ್ದರು. "ದೃಷ್ಟಿ ಕಣವ್ವ. ನೆಂಟ್ರೆಲ್ಲ ಬಂದು ಮಗೂನ ನೋಡಿ ಹೋದ್ರಲ್ಲ. ಶೀತಾನೂ ಸೇರೈತೆ. ಅದ್ಕೇ ಕೆಂಡ ಇನ್ನೊಂದ್ ಹಿಡಿ ಜಾಸ್ತಿ ಆಕಿವ್ನಿ."

ಬಾಣಂತಿ ನನ್ನಷ್ಟೇ ವಯಸ್ಸಿನವಳು. ನಿಧಾನವಾಗಿ ಮಾತಾಡಿದಳು, ನಿದ್ದೆಯ ತಳದಿಂದ ಮಾತು ಎತ್ತಿ ತರುವವಳಂತೆ. "ಮೊನ್ನೆ ಮಗೂಗೆ ಚುಚ್ಚುಮದ್ದು ಹಾಕ್ಸೋಕೆ ಹೋಗಿದ್ವಿ. ಆಟೋದಲ್ಲಿ ಕೂತ್ಕೊಂಡ್ ಸ್ವಲ್ಪ ಹೊತ್ತಿಗೆ ತಲೆನೋವು ಹೊರಟೇ ಹೋಯ್ತು ಕಣ್ರೀ. ಎಷ್ಟು ಹಾಯಾಗಿತ್ತು ಗೊತ್ತಾ? ಮನೆಗ್ ಬಂದ್ಮೇಲೆ ಮತ್ತೆ."

"ತಣ್ಣನೆ ಗಾಳಿ ಕುಡ್ದು ಬಂದವ್ಳೆ, ಇನ್ನೇನಾಗ್ತೈತೆ" ಎಂದರು ಅಜ್ಜಿ.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬೈಯಪ್ಪನಹಳ್ಳಿ ದಾಟುವ ಹೊತ್ತಿಗೆ ನನ್ನ ಹುಬ್ಬಿನ ನಡುವಿನ ಬಿಗಿತ ಸಡಿಲಾಗಿತ್ತು. ಬಿಸಿಲು ಇನ್ನೂ ಹಾಗೇ ಇತ್ತು. ಆಟೋದಲ್ಲಿ ಅವಳ ತಲೆನೋವು ಹೋಯಿತು, ಬಸ್ಸಿನಲ್ಲಿ ನನ್ನದು ಹೋಯಿತು. ಆಗ ಅಜ್ಜಿಯ ಮಾತು ನೆನಪಾಯಿತು: ಕಣ್ಣುರಿ ಬಂತಾ, ಸಾಕು ಅಂತ.

ಆ ಕೋಣೆಯಲ್ಲಿ ಈಗ ಯಾರಿಗೂ ಕಣ್ಣುರಿ ಬರುತ್ತಿರಲಿಲ್ಲ.

ಇದ್ದಿಲ ಕೆಂಡ ಹೊಗೆಯನ್ನಷ್ಟೇ ಕೊಡುವುದಿಲ್ಲ. ಗಾಳಿಯಾಡದಲ್ಲಿ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಉರಿಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ. ಮೊದಲು ತಲೆನೋವು, ಆಮೇಲೆ ಓಕರಿಕೆ, ಆಮೇಲೆ ನಿದ್ದೆ. ನಮ್ಮ ಯಂತ್ರದ ಜಾಳಿ ಅದನ್ನು ಹಿಡಿಯುವುದಿಲ್ಲ, ಅದರ ದೀಪ ಅದನ್ನು ನೋಡುವುದಿಲ್ಲ, ನನ್ನ ಕೈಯಂತ್ರವೂ ನೋಡುವುದಿಲ್ಲ. ಇಷ್ಟು ಕಾಲ ಆ ಕೋಣೆಯಲ್ಲಿದ್ದ ಒಂದೇ ಎಚ್ಚರಿಕೆಯೆಂದರೆ ಹೊಗೆ. ಕಣ್ಣುರಿದಾಗ ಬಾಗಿಲು ತೆರೆಯುತ್ತಿತ್ತು, ಬಾಂಡ್ಲೆ ಆಚೆ ಹೋಗುತ್ತಿತ್ತು, ಜೊತೆಗೆ ಆ ಇನ್ನೊಂದು ಅನಿಲವೂ ಹೋಗುತ್ತಿತ್ತು. ನಾವಿಟ್ಟ ಯಂತ್ರ ಹೊಗೆಯನ್ನು ಮಾತ್ರ ನುಂಗಿ ಬಾಗಿಲನ್ನು ಮುಚ್ಚಿಯೇ ಉಳಿಸಿತ್ತು.

ಇಳಿದ ಕೂಡಲೇ ಟೆಲಿಫೋನ್ ಬೂತಿನಿಂದ ಯಜಮಾನರಿಗೆ ಫೋನ್ ಮಾಡಿದೆ. ಕೆಂಡ ಕೋಣೆಯಿಂದ ಹೊರಗಿರಲಿ, ಬಾಗಿಲು ತೆರೆದಿರಲಿ ಎಂದೆ. ಯಾಕೆಂದೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ಆಯ್ತು ಮೇಡಂ, ಅಮ್ಮಂಗೆ ಹೇಳ್ತೀನಿ."

ಆ ಧ್ವನಿ ನನಗೆ ಗೊತ್ತಿತ್ತು. ಹೇಳುತ್ತಾರೆ, ಅಮ್ಮ ಕೇಳುವುದಿಲ್ಲ.

ಆಫೀಸಿನಲ್ಲಿ ನನ್ನ ಅನುಮಾನ ಕೇಳಿ ಮಾಲೀಕರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಏನಮ್ಮಾ ನೀನು, ಅನುಮಾನ ಅಂತ ಹೇಳ್ಬಿಟ್ಟು ಕಸ್ಟಮರ್‌ನ ಹೆದ್ರಿಸ್ತೀಯಾ? ಪ್ರೂಫ್ ಇದ್ಯಾ?"

"ಇಲ್ಲ."

"ಮೊದ್ಲು ಪ್ರೂಫ್ ತಗೊಂಡ್ ಬಾ."

ನನ್ನ ಜೊತೆ ಎಂ.ಎಸ್ಸಿ. ಓದಿದ ಗೆಳತಿಯೊಬ್ಬಳು ದೊಡ್ಡನೆಕ್ಕುಂದಿಯದೇ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿದ್ದಳು. ಕುಲುಮೆಗಳ ಬಳಿ ಈ ಅನಿಲವನ್ನು ಪರೀಕ್ಷಿಸುವ ಗಾಜಿನ ನಳಿಕೆಗಳು ಅವಳಲ್ಲಿದ್ದವು. ಪೆನ್ಸಿಲ್‌ಗಿಂತ ತೆಳು, ಎರಡೂ ತುದಿ ಮುಚ್ಚಿರುತ್ತದೆ. ತುದಿಗಳನ್ನು ಮುರಿದು ಕೈಪಂಪಿಗೆ ಸಿಕ್ಕಿಸಿ ಗಾಳಿ ಎಳೆದರೆ, ಅನಿಲವಿದ್ದಲ್ಲಿ ಒಳಗಿನ ಹಳದಿ ಪುಡಿ ಕಂದಾಗುತ್ತದೆ. ಅನಿಲ ಹೆಚ್ಚಿದ್ದಷ್ಟೂ ಕಂದು ಮುಂದಕ್ಕೆ ಹಬ್ಬುತ್ತದೆ.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ನನ್ನ ಕೈಗೆ ಪೆಟ್ಟಿಗೆ ಕೊಟ್ಟು ಅವಳು ಹುಬ್ಬೇರಿಸಿದಳು. "ಲೇ, ಫರ್ನೇಸ್ ಪಕ್ಕ ಎಳೆಯೋದನ್ನ ಬಾಣಂತಿ ರೂಮಲ್ಲಿ ಎಳೀತೀಯಾ? ಯಾರಾದ್ರೂ ಕೇಳಿದ್ರೆ ನಗ್ತಾರೆ ಕಣೇ."

"ನಗಲಿ."

ನನ್ನ ಮುಖ ನೋಡಿ ಅವಳು ಪಂಪಿಗೆ ಸಿಕ್ಕಿಸುವ ಉದ್ದದ ರಬ್ಬರ್ ಕೊಳವೆಯನ್ನೂ ಪೆಟ್ಟಿಗೆಗೆ ಹಾಕಿದಳು. "ಒಳಗೆ ಹೋಗ್ಬೇಡ. ಬಾಗಿಲ ಕೆಳಗಿಂದ ಇದನ್ನ ತೂರಿಸಿ ಎಳಿ. ಬಾಗಿಲು ತೆಗೆದ್ಯೋ, ರೀಡಿಂಗ್ ಹಾಳು."

ಆ ದಿನ ನನಗೆ ಇಂದಿರಾನಗರದ ಒಂದು ಫ್ಲಾಟಿಗೆ ಹೋಗಲು ಹೇಳಿದ್ದರು. ಹೋಗಲಿಲ್ಲ. ಚಳಿ ಹೆಚ್ಚಿತ್ತು, ಮೋಡ ಕವಿದಿತ್ತು. ಇಂಥ ದಿನ ಅಜ್ಜಿ ಬಾಂಡ್ಲೆಗೆ ಎಷ್ಟು ಇದ್ದಿಲು ಹಾಕುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು. ನಾನು ತಲುಪಿದಾಗ ಯಜಮಾನರು ಅಂಗಳದಲ್ಲಿ ಕಾರು ಒರೆಸುತ್ತಿದ್ದರು. ಎಣ್ಣೆ ನೀರು ಆಯಿತು, ಅಮ್ಮ ಒಳಗೆ ಶಾಖ ಕೊಡುತ್ತಿದ್ದಾರೆ ಎಂದರು.

"ಬಾಗಿಲು?"

"ಹೇಳ್ದೆ ಮೇಡಂ. ಚಳಿ ಕಮ್ಮಿ ಆಗ್ಲಿ, ಆಮೇಲೆ ತೆಗೀತೀನಿ ಅಂದ್ರು."

ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಯಂತ್ರದ ಸಣ್ಣ ಗುಂಯ್‌ಗುಡುವಿಕೆ ಕೇಳುತ್ತಿತ್ತು. ನಾನು ಮೊಣಕಾಲೂರಿ ಪೆಟ್ಟಿಗೆ ಬಿಚ್ಚಿದೆ. ನಳಿಕೆಯ ತುದಿಗಳನ್ನು ಮುರಿದೆ, ಪಂಪಿಗೆ ಸಿಕ್ಕಿಸಿದೆ, ಕೊಳವೆಯನ್ನು ಬಾಗಿಲ ಕೆಳಗಿನ ಸಂದಿಗೆ ಒತ್ತಿದೆ. ಹೋಗಲಿಲ್ಲ. ತಣ್ಣನೆ ಗಾಳಿ ನುಗ್ಗದಿರಲಿ ಎಂದು ಒಳಗಿನಿಂದ ಕಂಬಳಿ ಮಡಿಸಿ ಒತ್ತಿದ್ದರು.

"ಅಜ್ಜಿ" ಎಂದು ಕರೆದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ಯಂತ್ರದ ಸದ್ದು ಮಾತ್ರ. ಮಗುವೂ ಅಳುತ್ತಿರಲಿಲ್ಲ.

"ಮಲ್ಗಿರ್ತಾರೆ" ಎಂದರು ಯಜಮಾನರು, ನನ್ನ ಹಿಂದೆ ನಿಂತು.

ಕೊಳವೆಯನ್ನು ಇನ್ನಷ್ಟು ಒತ್ತಿದರೆ ಕಂಬಳಿಯ ಅಂಚಿನಿಂದ ನುಸುಳುತ್ತಿತ್ತೇನೋ. ಬಾಗಿಲು ತೆಗೆದರೆ ಮಾಲೀಕರು ಕೇಳಿದ ಪುರಾವೆ ಹೋಗುತ್ತಿತ್ತು, ಈ ಮನೆಯವರಿಗೆ ತೋರಿಸಬೇಕಾದದ್ದೂ ಹೋಗುತ್ತಿತ್ತು. ಅಳತೆ ಕೆಡಿಸಬಾರದು ಎನ್ನುವುದನ್ನು ನಾನು ಓದಿನುದ್ದಕ್ಕೂ ಕಲಿತಿದ್ದೆ. ಪಂಪನ್ನು ನೆಲದ ಮೇಲಿಟ್ಟು ಎದ್ದೆ. ಬಾಗಿಲಿಗೆ ಭುಜ ಕೊಟ್ಟು ಕಂಬಳಿಯನ್ನೂ ಸೇರಿಸಿ ನೂಕಿದೆ.

ಒಳಗೆ ಹೊಗೆಯ ಎಳೆಯೂ ಇರಲಿಲ್ಲ. ಗಾಳಿ ಬೆಚ್ಚಗೆ, ಸ್ವಚ್ಛವಾಗಿ ಇದ್ದಂತಿತ್ತು. ದೀಪ ಹಸಿರಾಗಿ ಉರಿಯುತ್ತಿತ್ತು. ಅಜ್ಜಿ ಗೋಡೆಗೊರಗಿ ಕೂತಲ್ಲೇ ತಲೆ ವಾಲಿಸಿದ್ದರು, ಕೈಯಲ್ಲಿ ಇಕ್ಕಳ ಹಾಗೇ ಇತ್ತು. ಬಾಣಂತಿಯ ಕಣ್ಣು ಅರ್ಧ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ನಾನು ಮಗುವನ್ನು ಎತ್ತಿಕೊಂಡೆ. ಅದರ ಕತ್ತು ನನ್ನ ತೋಳಿನ ಮೇಲೆ ಬಟ್ಟೆಯಂತೆ ಮಡಿಸಿಕೊಂಡಿತು.

"ಮಗಳನ್ನ ಎತ್ತಿಕೊಳ್ಳಿ" ಎಂದು ಕೂಗಿದೆ. ಅದಕ್ಕೂ ಮೊದಲು ನಾನು ಎಂದೂ ಅಷ್ಟು ಜೋರಾಗಿ ಕೂಗಿದ್ದು ನೆನಪಿಲ್ಲ.

ಯಜಮಾನರು ಮಗಳನ್ನು ಎತ್ತಿ ತಂದು ಅಂಗಳದಲ್ಲಿ ಮಲಗಿಸಿದರು. ಮತ್ತೆ ಓಡಿ ತಾಯಿಯನ್ನು ತಂದರು. ನಾನು ಮಗುವಿನ ಕುಲಾವಿ ಬಿಚ್ಚಿ, ಸುತ್ತಿದ ಬಟ್ಟೆ ಸಡಿಲಿಸಿ, ಬಯಲಿಗೆ ಮುಖ ಮಾಡಿ ಹಿಡಿದು ನಿಂತೆ. ಅಂಗಾಲನ್ನು ತಿಕ್ಕಿದೆ. ಬೀದಿಯಲ್ಲಿ ಜಲ್ಲಿ ಲಾರಿ ಹೋಯಿತು, ದೂಳು ನಮ್ಮ ಮೇಲೇ ಬಂತು. ನನಗೆ ಅದರ ಪರಿವೆ ಇರಲಿಲ್ಲ. ಮಗು ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆದು, ಬೆಕ್ಕಿನ ಮರಿಯಷ್ಟು ಸಣ್ಣಗೆ ಅತ್ತಿತು.

ಮೂವರನ್ನೂ ಕಾರಿನಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಕಿಟಕಿಗಳನ್ನು ಪೂರ್ತಿ ಇಳಿಸಿದ್ದೆವು. ಡಾಕ್ಟರಿಗೆ ಕೆಂಡದ ವಿಷಯ ಹೇಳಿದೆ. ಅವರು ಮರುಪ್ರಶ್ನೆ ಕೇಳದೆ ಮೂವರಿಗೂ ಆಮ್ಲಜನಕ ಹಾಕಿಸಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದು ಯಜಮಾನರಿಗೆ ಹೇಳಿದರು.

ಮೊದಲು ಚೇತರಿಸಿಕೊಂಡವರು ಅಜ್ಜಿ. ಮೂಗಿನ ಮೇಲಿದ್ದ ಮುಖವಾಡ ಸರಿಸಿ ನನ್ನನ್ನು ನೋಡಿದರು.

"ನಿನ್ನ ಮಿಷಿನ್ನಿಂದಾನೇ ಆಗಿದ್ದು."

ಅದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧವನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರು ಮಗನಿಗೆ ಹೇಳಿದರು: "ಅದನ್ನ ಎತ್ತಿ ಆಚೆಗಾಕು. ಮನೆಗೋದೇಟ್ಗೆ ಇದ್ದಿಲು ಒತ್ತಿಸ್ಬೇಕು. ಇವತ್ತು ಮೈಯೆಲ್ಲ ತಣ್ಣಗಾಗ್ಬಿಟ್ಟೈತೆ ಕೂಸಿಗೆ."

ಯಂತ್ರ ತೆಗೆದರೆ ಸಾಲದು. ಆ ಕೋಣೆಯಲ್ಲಿ ಸಾಂಬ್ರಾಣಿ ಮರೆತ ದಿನ, ಬರೀ ಕೆಂಡ ಇಟ್ಟ ದಿನ, ಕಣ್ಣುರಿ ಬರುವುದೇ ಇಲ್ಲ.

ಡಾಕ್ಟರು ತಾಯಿ ಮಗುವನ್ನು ಮರುದಿನದವರೆಗೆ ಅಲ್ಲೇ ಇರಿಸಿಕೊಂಡರು. ಅದೊಂದು ಅವಕಾಶ. ಮರುದಿನ ಬೆಳಿಗ್ಗೆ, ಬಾಣಂತಿ ಬರುವ ಮೊದಲು, ಆ ಮನೆಗೆ ಮತ್ತೆ ಹೋದೆ. ಅಜ್ಜಿ ಮನೆಗೆ ಬಂದಿದ್ದರು. ನನ್ನನ್ನು ಕಂಡು ಮುಖ ತಿರುಗಿಸಿದರು. ಕಾಲು ತೊಳೆದು ಹೋಗಿ ಎದುರಿಗೆ ಕೂತೆ.

"ಅಜ್ಜಿ, ಕೋಣೆ ಈಗ ಖಾಲಿ ಇದೆ. ಎಂದಿನ ಹಾಗೆ ನೀವೇ ಕೆಂಡ ಇಡಿ. ಸಾಂಬ್ರಾಣಿ ಹಾಕಿ. ಬಾಗಿಲು ಮುಚ್ಚೋಣ. ಒಳಗೆ ಯಾರೂ ಇರುವುದು ಬೇಡ. ಇಷ್ಟು ಮಾಡಿ. ಆಮೇಲೆ ನಾನು ಏನೂ ಹೇಳುವುದಿಲ್ಲ."

"ಇಡಮ್ಮ, ಅದೇನ್ ಮಾಡ್ತಾರೋ ನೋಡಾಣ" ಎಂದರು ಯಜಮಾನರು.

ಅಜ್ಜಿ ಕೆಂಡ ತಂದಿಟ್ಟರು. ಯಂತ್ರವನ್ನು ನಾನೇ ಚಾಲೂ ಮಾಡಿದೆ. ಕಿಟಕಿಯ ಪರದೆ ಸರಿಸಿದೆ, ಹೊರಗಿನಿಂದ ದೀಪ ಕಾಣುವಂತೆ. ರಬ್ಬರ್ ಕೊಳವೆಯ ತುದಿಯನ್ನು ಮಂಚದ ಮೇಲೆ, ದಿಂಬಿನ ಪಕ್ಕ ಇಟ್ಟು, ಬಾಗಿಲ ಕೆಳಗಿನಿಂದ ಆಚೆ ತಂದೆ. ಬಾಗಿಲು ಮುಚ್ಚಿದೆವು. ಕಂಬಳಿಯನ್ನು ಹೊರಗಿನಿಂದ ಒತ್ತಿದೆವು. ಮೂವರೂ ಹಜಾರದ ತೆರೆದ ಬಾಗಿಲಲ್ಲಿ ಕೂತೆವು. ಕಾಯುವಾಗ ಅಜ್ಜಿ ಎಲೆಯಡಿಕೆಯ ಚೀಲ ತೆಗೆದರು, ಹಾಕಿಕೊಳ್ಳದೆ ಹಾಗೇ ಮಡಿಲಲ್ಲಿಟ್ಟುಕೊಂಡರು.

"ದೀಪ ನೋಡಿ ಬನ್ನಿ ಅಜ್ಜಿ" ಎಂದೆ.

ಅವರು ಹಿತ್ತಲಿಗೆ ಹೋಗಿ ಗಾಜಿನಿಂದ ಇಣುಕಿ ಬಂದರು. "ಅಸ್ರು ಐತೆ. ಹೊಗೆ ಎಲ್ಲಾ ಓಗೈತೆ."

ಹೊಸ ನಳಿಕೆಯ ತುದಿಗಳನ್ನು ಅವರ ಮುಂದೆಯೇ ಮುರಿದೆ. ಪುಡಿ ಹಳದಿಯಾಗಿದೆ ನೋಡಿ ಎಂದು ಅವರ ಕೈಗೇ ಕೊಟ್ಟೆ. ಮೊದಲು ಅಂಗಳದ ಗಾಳಿ ಎಳೆದೆ. ಹಳದಿ ಹಳದಿಯಾಗಿಯೇ ಉಳಿಯಿತು. ಇನ್ನೊಂದು ನಳಿಕೆ ತೆಗೆದು ಕೊಳವೆಗೆ ಸಿಕ್ಕಿಸಿ ಪಂಪ್ ಒತ್ತಿ ಬಿಟ್ಟೆ. ಪಂಪು ನಿಧಾನವಾಗಿ ಉಬ್ಬುತ್ತಿದ್ದಂತೆ ನಳಿಕೆಯ ಬಾಯಲ್ಲಿ ಒಂದು ಕಂದು ಉಂಗುರ ಕಾಣಿಸಿತು. ಅದು ದಪ್ಪವಾಯಿತು. ಮುಂದಕ್ಕೆ ಸರಿಯಿತು. ಮಣ್ಣಿಗೆ ನೀರು ಇಳಿದ ಹಾಗೆ, ಅವಸರವಿಲ್ಲದೆ, ಗಾಜಿನ ಮೇಲಿನ ಗೆರೆಗಳನ್ನು ಒಂದೊಂದಾಗಿ ದಾಟಿ, ಕೊನೆಯ ಗೆರೆಯನ್ನೂ ದಾಟಿತು.

ಅಜ್ಜಿ ನಳಿಕೆಯನ್ನು ಕೈಗೆ ತೆಗೆದುಕೊಂಡು ಮತ್ತೆ ಹಿತ್ತಲಿಗೆ ಹೋದರು. ನಾವು ಹಿಂದೆ ಹೋದೆವು. ಗಾಜಿನಾಚೆ ಹಸಿರು ದೀಪ ಉರಿಯುತ್ತಿತ್ತು. ಅವರು ಒಮ್ಮೆ ದೀಪ, ಒಮ್ಮೆ ನಳಿಕೆ ನೋಡಿದರು.

"ಅಂಗಾದ್ರೆ ಇದು ಏನ್ ನೋಡ್ತೈತೆ ಒಳಗೆ ಕುಂತ್ಕೊಂಡು?"

"ದೂಳು, ಹೊಗೆ. ಅಷ್ಟೇ."

"ಅರೆಗಣ್ಣಿಂದು" ಎಂದರು. ಆಮೇಲೆ ಬಹಳ ತಗ್ಗಿದ ಧ್ವನಿಯಲ್ಲಿ, "ಇವನ್ನೂ ಇದೇ ಬಾಂಡ್ಲೆ ಶಾಖದಾಗೇ ಬೆಳಸ್ದೆ ಕಣವ್ವ. ಇವನ ಮಗಳ್ನೂ. ಏನೂ ಆಗ್ಲಿಲ್ವಲ್ಲ?"

ಹಿತ್ತಲಿನ ಮೂಲೆಯಲ್ಲಿ ಅವರ ಹಳೇ ಮನೆ ಇನ್ನೂ ನಿಂತಿತ್ತು, ಈಗ ಸೌದೆ ಹಾಕಲು ಬಳಸುತ್ತಿದ್ದರು. ನಾಡಹೆಂಚಿನ ಮಾಡು, ಹೆಂಚಿನ ಸಂದಿಯಲ್ಲಿ ಬೆಳಕಿನ ಚುಕ್ಕೆಗಳು.

"ಇಬ್ಬರೂ ಆ ಮನೆಯಲ್ಲಿ ಬೆಳೆದದ್ದಲ್ಲವೇ ಅಜ್ಜಿ?" ಎಂದು ಕೇಳಿದೆ. "ಅಲ್ಲಿ ಬಾಗಿಲು ಮುಚ್ಚಿದರೂ ಮಾಡು ಉಸಿರಾಡುತ್ತಿತ್ತು. ಇಲ್ಲಿ ಮೇಲೆ ಕಾಂಕ್ರೀಟು, ಪಕ್ಕದಲ್ಲಿ ಗಾಜು. ನೀವು ಮಾಡಿದ್ದು ತಪ್ಪಲ್ಲ. ಈ ಕೋಣೆಗೆ ಅದು ಆಗುವುದಿಲ್ಲ."

ಅಜ್ಜಿ ಹೆಂಚಿನ ಮಾಡನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲು, ಕಿಟಕಿ ತೆರೆಸಿದರು. ಗಾಳಿ ಆಡಿದ ಮೇಲೆ ಯಜಮಾನರು ಬಾಂಡ್ಲೆಯನ್ನು ಅಂಗಳಕ್ಕೆ ತಂದರು. ಕಿಟಕಿಯ ಸಂದಿಗೆ ತುರುಕಿದ್ದ ಸೀರೆಯ ಚೂರುಗಳನ್ನು ಅಜ್ಜಿ ತಾವೇ ಒಂದೊಂದಾಗಿ ಎಳೆದು ತೆಗೆದರು. ಮಗುವಿನ ಬಟ್ಟೆಗಳನ್ನು ಅಂಗಳದಲ್ಲೇ ಕೆಂಡದ ಮೇಲೆ ಕಾಯಿಸಿ, ಸಾಂಬ್ರಾಣಿಯ ಹೊಗೆ ಹಿಡಿಸಿ, ಆಮೇಲೆ ಒಳಗೆ ಒಯ್ಯುವುದೆಂದು ತೀರ್ಮಾನವಾಯಿತು. ಕೋಣೆಯೊಳಗೆ ಬೆಂಕಿಯಿಲ್ಲ. ಬಾಗಿಲಿಗೆ ಪರದೆ ಮಾತ್ರ.

ನಾನು ಯಂತ್ರದ ತಂತಿ ಸುತ್ತುತ್ತಿದ್ದಾಗ ಅಜ್ಜಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಳಿಕೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದರು.

"ಎಲ್ಲಿಗೆ ಅಜ್ಜಿ?"

"ಈ ಬೀದಿಯಾಗೆ ಇನ್ನೂ ಬಾಣಂತೀರು ಅವ್ರೆ. ಎಲ್ಲಾ ಹೊಸ ಮನೆಗೋಳೇ."

ಆ ಮಾತು ನನ್ನ ಜೊತೆ ಬಸ್ ಹತ್ತಿತು. ಆಫೀಸಿನಲ್ಲಿ ಯಂತ್ರವನ್ನು ಮೂಲೆಯಲ್ಲಿ ಇಳಿಸಿದಾಗ ಮಾಲೀಕರು ತಲೆಯೆತ್ತದೆ ಕೇಳಿದರು, "ಯಾವ ಮಾಡೆಲ್?"

"ಯಾವುದೂ ಬೇಡ. ಆ ಮನೆಗೆ ಬೇಕಾದದ್ದು ಕಿಟಕಿ."

ಅವರು ಬಾಯಿ ತೆರೆಯುವ ಮೊದಲೇ ನಡೆದದ್ದನ್ನೆಲ್ಲ ಹೇಳಿದೆ. ಆ ಬಾಗಿಲು ತೆರೆಯುವ ಮೊದಲೇ ಎಳೆದಿದ್ದ ಇನ್ನೊಂದು ಕಂದು ನಳಿಕೆಯನ್ನು ಅವರ ಮೇಜಿನ ಮೇಲಿಟ್ಟೆ. ಮಗುವಿನ ಕತ್ತಿನ ವಿಷಯ ಬಂದಾಗ ಆ ಭಾಗವನ್ನು ಬೇಗ ಮುಗಿಸಿದೆ. ಅವರು ನಳಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಮ್ಮನೇಲೂ ಅಮ್ಮ ಸಾಯಂಕಾಲ ಸಾಂಬ್ರಾಣಿ ಪೋಡ್ತಾರೆ" ಎಂದರು. "ಕರಿ ಅಡುಪ್ಪುನಲ್ಲಿ, ಇದ್ದಿಲು ಒಲೆ. ಎ.ಸಿ. ಹಾಕಿದ್ ರೂಮು. ಪರವಾಗಿಲ್ವಾಮ್ಮಾ?"

ನಾನು ಉತ್ತರ ಹೇಳುವಷ್ಟರಲ್ಲಿ ಅವರು ಮೊಬೈಲ್ ತೆಗೆದು ಮನೆಗೆ ಫೋನ್ ಮಾಡಿಯಾಗಿತ್ತು.

ನಾನು ಮೇಜಿನ ಮೇಲಿದ್ದ ಆಫೀಸಿನ ಫೋನ್ ಎತ್ತಿಕೊಂಡೆ. ಆ ಚಳಿಗಾಲದಲ್ಲಿ ಕೆ.ಆರ್. ಪುರದಿಂದ ಹಲಸೂರಿನವರೆಗೆ ನಮ್ಮ ಯಂತ್ರಗಳು ಎಷ್ಟೋ ಮನೆಗಳಲ್ಲಿದ್ದವು. ದೂಳು ಬಾರದಿರಲಿ ಎಂದು ಕಿಟಕಿಗಳನ್ನು ಮುಚ್ಚಿಸಿದ್ದೆವು. ಮೊದಲ ಮನೆಯಲ್ಲಿ ಫೋನ್ ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ಒಬ್ಬ ಹೆಂಗಸು ಎತ್ತಿಕೊಂಡರು.

"ಮಿಷಿನ್ ಚೆನ್ನಾಗಿದೆ ಮೇಡಂ. ಲೈಟು ಗ್ರೀನೇ ಇದೆ, ಯಾವಾಗ್ಲೂ."

"ಅದಿರಲಿ" ಎಂದೆ. "ಆ ಕೋಣೆಯಲ್ಲಿ ಈಗ ಏನಾದರೂ ಉರಿಯುತ್ತಿದೆಯೇ? ಕೆಂಡ, ಒಲೆ, ಏನಾದರೂ?"

"ಅತ್ತೆ ಚಳಿ ಅಂತ ಇದ್ದಿಲು ಇಟ್ಕೊಂಡಿದ್ದಾರೆ. ಯಾಕೆ ಮೇಡಂ?"

"ಫೋನ್ ಇಡಬೇಡಿ" ಎಂದೆ. "ಮೊದಲು ಹೋಗಿ ಕಿಟಕಿ ತೆಗೆದು ಬನ್ನಿ. ನಾನು ಕಾಯುತ್ತೇನೆ."